ಕಂಪ್ಯೂಟರಿಗೆ ನೀರು ಹಾಯಿಸುವುದು

(ದುಬಾರೆಯಲ್ಲಿ ಕಾವೇರಿಯ ಈಚೆ ದಡದ ಒಂದು ಕಾಫಿ ತೋಟದ ಮನೆ. ಆಚೆ ದಡದಲ್ಲಿ ಅರಣ್ಯ ಇಲಾಖೆಯ ಆನೆ ಶಿಬಿರ. ಏಪ್ರಿಲ್ ಮಧ್ಯಾಹ್ನ. ಬೆಂಗಳೂರಿನ ಕೆಲಸವನ್ನು ಇಲ್ಲಿಂದಲೇ ಮಾಡುವ ಹುಡುಗಿ, ತಾನೇ ನೀರಿನ ಪೈಪು ಜೋಡಿಸಿದ ಕಂಪ್ಯೂಟರನ್ನು ಬಿಚ್ಚಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ, ಆಯುಷ್ಯವೆಲ್ಲ ತೋಟಕ್ಕೆ ನೀರು ಹಾಯಿಸಿದ ಅವಳ ಚಿಕ್ಕಪ್ಪ.)

— ಪುನಃ ನಿಂತಿತಾ ಮಗಳೇ?

— ನಿಂತಿತು ಚಿಕ್ಕಪ್ಪ. ಒಂದು ಮನೆಯ ತ್ರೀಡಿ ಚಿತ್ರ ರೆಂಡರ್‌ಗೆ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಬಿಸಿ ಏರಿ ತಾನೇ ಆಫ್ ಆಯ್ತು. ರಾತ್ರಿ ಇದೇ ಕೆಲಸ ಸರಾಗ ನಡೆಯುತ್ತೆ, ಮಧ್ಯಾಹ್ನ ನಡೆಯಲ್ಲ.

— ಪಂಪು ಸಣ್ಣದಾಯ್ತು, ಅದಕ್ಕೇ. ಕುಶಾಲನಗರದಿಂದ ದೊಡ್ಡದೊಂದು ತಂದು ಹಾಕು.

— ಎಲ್ಲರೂ ಮೊದಲು ಹೇಳುವ ಮದ್ದು ಅದೇ. ಅಳೆಯದೆ ಸಾಮಾನು ಬದಲಾಯಿಸಿದರೆ ದುಡ್ಡು ಹೋಗುತ್ತೆ, ಬಿಸಿ ಹೋಗಲ್ಲ. ಮೂರು ಕಡೆ ಅಳೀಬೇಕು: ಕೋಣೆಯ ಗಾಳಿ ಎಷ್ಟು, ಪೈಪಿನ ನೀರು ಎಷ್ಟು, ಚಿಪ್ ಎಷ್ಟು. ಚಿಪ್ಪಿನ ಲೆಕ್ಕ ಕಂಪ್ಯೂಟರೇ ಕೊಡುತ್ತೆ. ನೀರಿಗೆ ಮೀನಿನ ತೊಟ್ಟಿಯ ಥರ್ಮಾಮೀಟರ್ ಇಳಿಬಿಟ್ಟಿದ್ದೀನಿ. ಆಫ್ ಆಗುವ ಮುಂಚೆ ನೋಡಿ ಬರ್ಕೊಂಡೆ: ಗಾಳಿ 31 ಡಿಗ್ರಿ, ನೀರು 54, ಚಿಪ್ 97.

— ಮೂರು ಅಂಕಿಯಿಂದ ಎಂತ ಗೊತ್ತಾಗ್ತದೆ?

— ಬಿಸಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಾಗುತ್ತೆ. ಚಿಪ್ಪಿನ ಮೇಲೆ ತಾಮ್ರದ ಬ್ಲಾಕ್ ಕೂತಿದೆ. ಬಿಸಿ ಚಿಪ್ಪಿಂದ ಬ್ಲಾಕಿಗೆ, ಬ್ಲಾಕಿಂದ ನೀರಿಗೆ, ನೀರಿಂದ ರೇಡಿಯೇಟರಿಗೆ, ಅಲ್ಲಿಂದ ಗಾಳಿಗೆ ಹೋಗಬೇಕು. ನೀರಿಗೂ ಗಾಳಿಗೂ ಅಂತರ ಜಾಸ್ತಿ ಇದ್ದರೆ ತೊಂದರೆ ರೇಡಿಯೇಟರಿನಲ್ಲಿ. ಚಿಪ್ಪಿಗೂ ನೀರಿಗೂ ಅಂತರ ಜಾಸ್ತಿ ಇದ್ದರೆ ತೊಂದರೆ ಬ್ಲಾಕಿನಲ್ಲಿ, ಇಲ್ಲ ಅದರ ಕೆಳಗೆ ಹಚ್ಚಿದ ಪೇಸ್ಟಿನಲ್ಲಿ. ಇಲ್ಲಿ ನೀರು ಗಾಳಿಗಿಂತ 23 ಡಿಗ್ರಿ ಮೇಲಿದೆ. ಹತ್ತು ಹನ್ನೆರಡರ ಆಸುಪಾಸು ಇರಬೇಕಿತ್ತು. ಚಿಪ್ ನೀರಿಗಿಂತ 43 ಮೇಲಿದೆ. ಅದು ಮೂವತ್ತರ ಹತ್ತಿರ ಇದ್ದರೆ ಒಳ್ಳೇದು.

— ಹಾಗಾದ್ರೆ ಎರಡು ಕಡೆಯೂ ಕಾಯಿಲೆ ಉಂಟು.

— ಹೌದು. ಆಫ್ ಆಗಲು ಹಿಡಿದ ಹೊತ್ತು ಕೂಡ ಒಂದು ಸುಳಿವು. ಪೈಪಿನಲ್ಲೆಲ್ಲ ಸೇರಿ ಒಂದೂವರೆ ಲೀಟರ್ ನೀರಿದೆ. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಸೇರಿ 350 ವಾಟ್ ಬಿಸಿ. ಅಷ್ಟು ಬಿಸಿ ಇಷ್ಟು ನೀರನ್ನು ನಿಮಿಷಕ್ಕೆ ಮೂರು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಏರಿಸಬಲ್ಲದು, ಗಾಳಿಗೆ ಒಂದಿಷ್ಟೂ ಹೋಗದಿದ್ದರೆ. ಹೋಗ್ತಾ ಇರೋದ್ರಿಂದ ನಿಧಾನಕ್ಕೆ ಏರಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಒಂದು ಕಡೆ ನಿಲ್ಲುತ್ತೆ. ಅರ್ಧ ಗಂಟೆಗೆ ಆಫ್ ಆದರೆ ಮೊದಲ ಅನುಮಾನ ರೇಡಿಯೇಟರಿನ ಮೇಲೆ. ಒಂದು ನಿಮಿಷದೊಳಗೆ ಆಫ್ ಆದರೆ ನೀರು ಹರೀತಾನೇ ಇಲ್ಲ ಅಂತ ಅರ್ಥ.

— ಮೊನ್ನೆ ಸಂಜೆ ಕರೆಂಟ್ ಹೋದಾಗ ತಟ್ಟನೆ ಆಫ್ ಆಯ್ತಲ್ಲ?

— ಅದಕ್ಕೆ ಬರ್ತೀನಿ. ಮೊದಲು ಈ ರೇಡಿಯೇಟರ್ ನೋಡಿ.

— ಇದು ಯಾವುದೋ ಹಳೆ ಕಾರಿನ ಹೀಟರಿನದ್ದಲ್ವಾ? ರೆಕ್ಕೆ ಮಧ್ಯೆ ಎಂತ ಕಸ ಇದು! ಕಾಫಿ ಕಣದ ಹೊಟ್ಟು, ರಸ್ತೆ ಧೂಳು. ಅಲ್ಲ ಮಗಳೇ, ಫ್ಯಾನು ಗಾಳಿ ಎಳೆಯುವುದು ಪೆಟ್ಟಿಗೆಯ ಒಳಗಿಂದ. ಒಳಗಿನ ಗಾಳಿ ಮೊದಲೇ ಬಿಸಿ. ಬಿಸಿ ಗಾಳಿಯಿಂದ ಬಿಸಿ ನೀರು ಆರಿಸುವುದು ಹೇಗೆ?

— ಅದೇ ನೋಡಿ. ಆಚೆ ಶಿಬಿರದ ಆನೆಗಳು ಬಿಸಿಲಲ್ಲಿ ಕಿವಿ ಬೀಸ್ತಾ ನಿಲ್ಲುತ್ತವಲ್ಲ, ಆ ಕಿವಿ ಒಂದು ರೇಡಿಯೇಟರೇ. ತೆಳು ಚರ್ಮ, ಅದರ ಅಡಿಯಲ್ಲಿ ರಕ್ತನಾಳಗಳ ಬಲೆ. ಮೈಯ ಬಿಸಿ ಹೊತ್ತ ರಕ್ತ ಅಲ್ಲಿ ಹರಡಿ, ಬೀಸುವ ಗಾಳಿಗೆ ಆರಿ ವಾಪಸ್ ಹೋಗುತ್ತೆ. ಆ ಕಿವಿಗೆ ಒಣ ಕೆಸರು ಮೆತ್ತಿ, ಮೂಲೆಯಲ್ಲಿ ಮಡಚಿಟ್ಟ ಹಾಗೆ ಇದೆ ನನ್ನ ರೇಡಿಯೇಟರು.

— ಬ್ರಷ್ ಕೊಡು. ರೆಕ್ಕೆ ಬಗ್ಗಬಾರದು, ಮೇಲಿಂದ ಕೆಳಗೆ ಮಾತ್ರ ಉಜ್ಜಬೇಕು. ಸ್ಪ್ರೇಯರ್ ಎಂಜಿನ್ನಿನ ರೆಕ್ಕೆ ನಾನು ಹೀಗೇ ಉಜ್ಜುವುದು.

— ನೀವು ಉಜ್ಜಿ. ನಾನು ಇದನ್ನು ಪೆಟ್ಟಿಗೆಯ ಹೊರಗೆ, ಕಿಟಕಿ ಹತ್ತಿರ ಹಲಗೆಗೆ ಕೂರಿಸ್ತೀನಿ. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಎರಡು ಮೂರು ಬೆರಳು ಅಂತರ ಬಿಟ್ಟು ಸುತ್ತ ರಟ್ಟು ಕಟ್ಟಬೇಕು. ಫ್ಯಾನಿನ ನಡುಗುಂಬದ ಎದುರಿಗೆ ಗಾಳಿ ಬರಲ್ಲ. ಅಂತರ ಇದ್ದರೆ ಗಾಳಿ ಹರಡಿ ಎಲ್ಲ ರೆಕ್ಕೆಗೂ ಸಿಗುತ್ತೆ. ಈಗ ಮತ್ತೆ ಓಡಿಸಿ ಅರ್ಧ ಗಂಟೆ ಕಾಯಬೇಕು. ಐದು ನಿಮಿಷಕ್ಕೆ ನೋಡಿ ತಂಪಾಯ್ತು ಅಂದುಕೊಂಡರೆ ಅದು ನೀರು ಇನ್ನೂ ಕಾಯ್ತಾ ಇರುವಾಗಿನ ಅಂಕಿ. ಕಾಫಿ ಕುಡಿದು ಬರೋಣ.

(ಅರ್ಧ ಗಂಟೆಯ ನಂತರ.)

— ಎಷ್ಟು?

— ಗಾಳಿ 31, ನೀರು 43, ಚಿಪ್ 86. ಒಂದು ರೂಪಾಯಿ ಖರ್ಚಿಲ್ಲದೆ 11 ಡಿಗ್ರಿ ಇಳೀತು. ಆದರೆ ಚಿಪ್ಪಿಗೂ ನೀರಿಗೂ ಅಂತರ ಹಾಗೇ ಇದೆ, 43. ರೇಡಿಯೇಟರನ್ನು ಏನು ಮಾಡಿದರೂ ಅದು ಬದಲಾಗಲ್ಲ. ಇನ್ನು ಬ್ಲಾಕ್ ಬಿಚ್ಚಬೇಕು.

— ಬಿಚ್ಚುವ ಮೊದಲು ನೀರು ಎಷ್ಟು ಬರ್ತದೆ ನೋಡು. ವಾಪಸ್ ಬರುವ ಪೈಪನ್ನು ಒಂದು ಲೀಟರ್ ಬಾಟಲಿಗೆ ಹಿಡಿ.

— ನಲವತ್ತು ಸೆಕೆಂಡ್ ಆಯ್ತು ಚಿಕ್ಕಪ್ಪ. ಅಂದರೆ ನಿಮಿಷಕ್ಕೆ ಒಂದೂವರೆ ಲೀಟರ್. ಪಂಪಿನ ಡಬ್ಬಿ ಮೇಲೆ ಗಂಟೆಗೆ 1000 ಲೀಟರ್ ಅಂತ ಬರೆದಿದೆ, ನಿಮಿಷಕ್ಕೆ ಹದಿನಾರು ಲೀಟರ್ ಮೇಲೆ!

— ಡಬ್ಬಿಯ ಲೆಕ್ಕ ಬರೇ ಬಾಯಿಗೆ. ಪೈಪೇ ಇಲ್ಲದೆ, ಎತ್ತರವೇ ಇಲ್ಲದೆ ಬಿಟ್ಟರೆ ಅಷ್ಟು ಬರ್ತದೆ. ಹೊಳೆಯಿಂದ ತೋಟಕ್ಕೆ ನೀರೆತ್ತುವ ಪಂಪಿನಲ್ಲೂ ಎತ್ತರಕ್ಕೆ ಹೆಡ್ ಅಂತ ಒಂದು, ಹರಿವಿಗೆ ಡಿಸ್ಚಾರ್ಜ್ ಅಂತ ಒಂದು ಬರೆದಿರ್ತಾರೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಹೂಮಳೆ ಕೈಕೊಟ್ಟ ವರ್ಷ ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕುವಾಗ ಈ ಲೆಕ್ಕ ತಪ್ಪಿದರೆ ಮೇಲಿನ ಏರಿಯಲ್ಲಿ ಜೆಟ್ಟು ತಿರುಗುವುದೇ ಇಲ್ಲ. ಆದ್ರೆ ನಿನ್ನ ಈ ಪೈಪು ಸುತ್ತಿ ಬಂದು ಅದೇ ಡಬ್ಬಕ್ಕೆ ಸೇರ್ತದಲ್ಲ, ಇದಕ್ಕೆ ಎತ್ತರದ ಲೆಕ್ಕ ಉಂಟಾ?

— ಒಮ್ಮೆ ಪೂರ್ತಿ ತುಂಬಿದ ಮೇಲೆ ಇಲ್ಲ. ಏರುವ ನೀರಿನ ಭಾರಕ್ಕೆ ಇಳಿಯುವ ನೀರಿನ ಭಾರ ಸರಿಹೋಗುತ್ತೆ. ಪಂಪು ಗೆಲ್ಲಬೇಕಾದ್ದು ಪೈಪಿನ, ಬ್ಲಾಕಿನ ತಡೆಯನ್ನು ಮಾತ್ರ. ಒಂದೂವರೆ ಲೀಟರ್ ಅಂದರೆ ಕಡಿಮೆ ಅನ್ಸುತ್ತೆ. ಆದರೆ ನಿಮಿಷಕ್ಕೆ ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾದರೆ 70 ವಾಟ್ ಹೊತ್ತ ಹಾಗೆ. ನನ್ನ 350 ವಾಟನ್ನು ಹೊರಲು ಈ ನೀರು ಮೂರೂ ಚಿಲ್ಲರೆ ಡಿಗ್ರಿ ಬಿಸಿಯಾದರೆ ಸಾಕು. ಹಾಗಾಗಿ ಪೈಪಿನ ಉದ್ದಕ್ಕೂ ನೀರು ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತೆ. ಮೊದಲು ಪ್ರೊಸೆಸರಿಗೆ ಹೋಗಬೇಕಾ, ಮೊದಲು ಕಾರ್ಡಿಗೆ ಹೋಗಬೇಕಾ ಅಂತ ಜನ ಗಂಟೆಗಟ್ಟಲೆ ಜಗಳ ಆಡ್ತಾರೆ. ಆ ಮೂರು ಡಿಗ್ರಿಗಾಗಿ ಪೈಪನ್ನು ಅಡ್ಡಾದಿಡ್ಡಿ ತಿರುಗಿಸೋದು ವ್ಯರ್ಥ ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ. ಪೈಪು ಗಿಡ್ಡ ಇರಲಿ, ತಿರುವು ಕಡಿಮೆ ಇರಲಿ.

— ಆದ್ರೂ ಹದಿನಾರು ಎಲ್ಲಿ, ಒಂದೂವರೆ ಎಲ್ಲಿ. ಎಲ್ಲೋ ಕಟ್ಟಿದೆ.

— ಅಗೋ, ಬ್ಲಾಕ್ ಬಿಚ್ಚಿದೆ. ನೋಡಿ.

— ಬೂದಿ ಬಣ್ಣದ ಲೋಳೆ! ಗೆರೆಗೆರೆ ಎಲ್ಲ ತುಂಬಿಹೋಗಿದೆ. ಇಷ್ಟು ಸಣ್ಣ ಗೆರೆ ಯಾಕೆ ಕೊರೀತಾರೆ? ಅಗಲ ಮಾಡಿದ್ದರೆ ಕಟ್ಟುತ್ತಿರಲಿಲ್ಲವಲ್ಲ.

— ಸಣ್ಣದಾದಷ್ಟೂ ಬಿಸಿ ಚೆನ್ನಾಗಿ ದಾಟುತ್ತೆ. 1981ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಟಕರ್‌ಮನ್, ಪೀಸ್ ಅಂತ ಇಬ್ಬರು ಸಿಲಿಕಾನ್ ಬಿಲ್ಲೆಯಲ್ಲೇ ಕೂದಲಿನಷ್ಟು ಸಣ್ಣ ಕಾಲುವೆ ಕೊರೆದು ನೀರು ಹರಿಸಿದರು. ಒಂದು ಚದರ ಸೆಂಟಿಮೀಟರ್ ಜಾಗದಿಂದ 790 ವಾಟ್ ಬಿಸಿ ತೆಗೆದು ತೋರಿಸಿದರು. ಇವತ್ತಿನ ಬ್ಲಾಕುಗಳೆಲ್ಲ ಅದೇ ದಾರಿಯಲ್ಲಿ ಬಂದವು. ಗೋಡೆಗೂ ನೀರಿಗೂ ನಡುವಿನ ದೂರ ಕಡಿಮೆಯಾಗಬೇಕು, ಗೋಡೆಗಳು ಹೆಚ್ಚಾಗಬೇಕು, ಅಷ್ಟೇ ಅದರ ಗುಟ್ಟು. ಅದಕ್ಕೆ ತೆರಬೇಕಾದ ಬೆಲೆ ಇದು: ಒಂದು ಚಿಟಿಕೆ ಕೆಸರು ಬಂದರೂ ಕಟ್ಟಿಕೊಳ್ಳುತ್ತೆ.

— ಪಾಚಿಯೂ ಉಂಟು, ಈ ಪಾರದರ್ಶಕ ಪೈಪಿನಲ್ಲಿ ಹಸಿರು ಕಾಣ್ತದೆ. ನಾಲ್ಕು ಹರಳು ಮೈಲುತುತ್ತ ಹಾಕಿಬಿಡು. ಗೋಡೌನಿನಲ್ಲಿ ಬೋರ್ಡೋ ದ್ರಾವಣಕ್ಕೆ ಅಂತ ತಂದದ್ದು ಬೇಕಾದಷ್ಟು ಬಿದ್ದಿದೆ. ಪಾಚಿ, ಬೂಷ್ಟು ಎಂತದೂ ಉಳಿಯುವುದಿಲ್ಲ.

— ಚಿಕ್ಕಪ್ಪ, ಬೋರ್ಡೋ ಸರಿ ಹದಕ್ಕೆ ಬಂತಾ ಅಂತ ನೀವು ಹೇಗೆ ನೋಡ್ತೀರಿ?

— ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಚಾಕು ಅದ್ದುವುದು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು.

— ಆ ಕೆಂಪು ಎಲ್ಲಿಂದ ಬರುತ್ತೆ?

— ತಾಮ್ರ. ನೀರಿನಲ್ಲಿ ಕರಗಿದ್ದ ತಾಮ್ರ ಕಬ್ಬಿಣದ ಮೇಲೆ ಕೂರ್ತದೆ. ಅದಕ್ಕೇ ಬೋರ್ಡೋ ಕಬ್ಬಿಣದ ಡ್ರಮ್ಮಿನಲ್ಲಿ ಕದಡಬಾರದು, ಡ್ರಮ್ಮೇ ತೂತಾಗ್ತದೆ... ಓಹೋ. ಈ ರೇಡಿಯೇಟರ್ ಅಲ್ಯೂಮಿನಿಯಮ್ಮಾ?

— ಅಲ್ಯೂಮಿನಿಯಮ್ಮೇ. ತಾಮ್ರ ಕೂರುವಾಗ ಅಷ್ಟೇ ಲೆಕ್ಕದ ಕಬ್ಬಿಣ ಕರಗಿ ನೀರಿಗೆ ಹೋಗುತ್ತೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತಲೂ ಬೇಗ ಬಿಟ್ಟುಕೊಡುವ ಲೋಹ. ನಿಮ್ಮ ಮೈಲುತುತ್ತ ಬಿದ್ದರೆ ಈ ತೆಳು ಗೋಡೆ ಹೆಚ್ಚು ದಿನ ಬಾಳಲ್ಲ. ಮೈಲುತುತ್ತ ಹಾಕದಿದ್ದರೂ ನಿಧಾನವಾಗಿ ನಡೀತಿರೋದು ಅದೇ. ಬ್ಲಾಕಿನ ತಾಮ್ರ ಕಣ್ಣಿಗೆ ಕಾಣದಷ್ಟು ನೀರಿಗೆ ಸೇರುತ್ತೆ, ಹೋಗಿ ಅಲ್ಯೂಮಿನಿಯಂ ಮೇಲೆ ಚುಕ್ಕಿಚುಕ್ಕಿಯಾಗಿ ಕೂರುತ್ತೆ, ಒಂದೊಂದು ಚುಕ್ಕಿಯ ಸುತ್ತ ಅಲ್ಯೂಮಿನಿಯಂ ತಿಂದುಹೋಗುತ್ತೆ. ಈ ಬೂದಿ ಲೋಳೆ ಅದರದ್ದೇ. ಇಲ್ಲಿ ಕರಗಿದ ರೇಡಿಯೇಟರು ಅಲ್ಲಿ ಬ್ಲಾಕಿನ ಗೆರೆ ಕಟ್ಟಿದೆ.

— ನೂರು ವರ್ಷದಿಂದ ಈ ಸೀಮೆಯ ತೋಟದವರು ಚಾಕು ಅದ್ದಿ ನೋಡಿದ್ದು ಇದನ್ನೇ ಅಂತಾಯ್ತು. ಫ್ರಾನ್ಸಿನ ದ್ರಾಕ್ಷಿ ತೋಟದಿಂದ 1885ರಲ್ಲಿ ಹೊರಟ ಮದ್ದು. ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೊಡೆಸಿದರು. ಈಗ ಕಾಫಿಗೂ ಮೆಣಸಿಗೂ ಹೊಡೆಯದೆ ಮಳೆಗಾಲ ದಾಟುವುದಿಲ್ಲ.

— ಬ್ಲಾಕಿಗೆ ತಾಮ್ರ ಬಿಟ್ಟರೆ ಬೇರೆ ಗತಿ ಇಲ್ಲ, ಅಷ್ಟು ಚೆನ್ನಾಗಿ ಬಿಸಿ ದಾಟಿಸುವ ಅಗ್ಗದ ಲೋಹ ಇನ್ನೊಂದಿಲ್ಲ. ಹಾಗಾಗಿ ರೇಡಿಯೇಟರೇ ಬದಲಾಗಬೇಕು. ತಾಮ್ರ, ಹಿತ್ತಾಳೆಯದ್ದು. ದುಡ್ಡು ಹಾಕೋದಾದರೆ ಇದೊಂದಕ್ಕೆ ಹಾಕ್ತೀನಿ.

— ಹಳೆ ಜೀಪಿನದ್ದು ಹಿತ್ತಾಳೆಯದ್ದೇ ಇರ್ತದೆ. ಗುಜರಿಯಲ್ಲಿ ವಿಚಾರಿಸ್ತೇನೆ. ಕೆರೆದು ನೋಡಿ ಹಳದಿಯೋ ಬಿಳಿಯೋ ಖಾತ್ರಿ ಮಾಡಿಯೇ ತರುವುದು. ನೀರು? ಬಾವಿ ನೀರು ನಮ್ಮಲ್ಲಿ ಚೊಕ್ಕ.

— ಕುಡಿಯಲು ಚೊಕ್ಕ. ಇದಕ್ಕೆ ಕರಗಿದ ಲವಣವೇ ಇರಬಾರದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದರೆ ಆಯ್ತು. ಅದರ ಜತೆ ತುಕ್ಕು ತಡೆಯುವ ಕಾರಿನ ಕೂಲೆಂಟ್ ಸ್ವಲ್ಪ. ಜಾಸ್ತಿ ಹಾಕಿದರೆ ನೀರು ಮಂದವಾಗುತ್ತೆ, ಬಿಸಿ ಹೊರುವ ಶಕ್ತಿ ಕುಗ್ಗುತ್ತೆ. ಕೂಲೆಂಟ್ ಡಬ್ಬ ಮಾತ್ರ ಮೇಲಿನ ಶೆಲ್ಫಿನಲ್ಲೇ ಇರಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ. ಚೆಲ್ಲಿದ್ದನ್ನು ನಾಯಿ ನೆಕ್ಕಿದರೆ ಅದರ ಕಿಡ್ನಿ ಹೋಗಿ ಸಾಯುತ್ತೆ.

— ಪಾಚಿಗೆ?

— ಬೆಳಕಿಲ್ಲದೆ ಪಾಚಿ ಬೆಳೆಯಲ್ಲ. ಕಪ್ಪು ಪೈಪ್ ಹಾಕಿ, ನೀರಿನ ಡಬ್ಬಕ್ಕೆ ಕಪ್ಪು ಟೇಪ್ ಸುತ್ತಿದರೆ ಮದ್ದೇ ಬೇಡ. ನೀರು ಹರಿಯೋದು ಕಾಣಲ್ಲ ಅನ್ನೋದೊಂದೇ ಬೇಜಾರು. ಬಣ್ಣದ ನೀರು, ದೀಪ ಹಾಕಿ ಅಂದ ನೋಡೋರು ಅವರ ಪಾಡಿಗೆ ನೋಡಲಿ. ನನ್ನದು ಕೆಲಸದ ಯಂತ್ರ.

— ಸರಿ. ಈಗ ಆ ಕರೆಂಟ್ ಕಥೆ ಹೇಳು. ಕಂಪ್ಯೂಟರಿಗೆ ಯುಪಿಎಸ್ ಉಂಟಲ್ಲ?

— ಕಂಪ್ಯೂಟರಿಗೆ ಇದೆ. ಪಂಪು ಎಲ್ಲಿದೆ, ಆ ವೈರು ಹಿಡಿದು ನೋಡಿ.

— ಗೋಡೆಯ ಪ್ಲಗ್ಗಿಗೆ ಹೋಗಿದೆ! ಕರೆಂಟ್ ಹೋದ ಕೂಡಲೇ ಪಂಪು ನಿಲ್ತದೆ, ಕಂಪ್ಯೂಟರ್ ಯುಪಿಎಸ್ಸಿನಲ್ಲಿ ದುಡೀತಾ ಇರ್ತದೆ.

— ನಿಂತ ನೀರು ಬ್ಲಾಕಿನಲ್ಲೇ ಕಾಯುತ್ತೆ, ನಿಮಿಷದೊಳಗೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತೆ. ಆ ರಕ್ಷಣೆ ಇದ್ದಿದ್ದಕ್ಕೆ ಉಳೀತು. ಬೆಂಗಳೂರಿನ ಮನೆಯಲ್ಲಿ ಇದು ಗೊತ್ತೇ ಆಗಿರಲಿಲ್ಲ, ಅಲ್ಲಿ ಕರೆಂಟ್ ಹೋಗೋದು ಅಪರೂಪ. ಇಲ್ಲಿ ಒಂದು ಕೊಂಬೆ ತಂತಿಗೆ ತಾಗಿದರೆ ಸಾಕು. ಈಗಿರುವ ಮೀನಿನ ತೊಟ್ಟಿಯ ಪಂಪು ತೆಗೆದು 12 ವೋಲ್ಟಿನ ಪಂಪು ಹಾಕ್ತೀನಿ. ಅದು ಕಂಪ್ಯೂಟರಿನ ಪವರ್ ಸಪ್ಲೈಯಿಂದಲೇ ಓಡುತ್ತೆ, ಎರಡೂ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತವೆ. ಅದರಲ್ಲಿ ಇನ್ನೊಂದು ಸಣ್ಣ ವೈರಿರುತ್ತೆ, ಪಂಪು ಎಷ್ಟು ಸುತ್ತು ತಿರುಗ್ತಿದೆ ಅಂತ ಮದರ್‌ಬೋರ್ಡಿಗೆ ಹೇಳಲು. ಸುತ್ತು ನಿಂತರೆ ಕಂಪ್ಯೂಟರ್ ಬಂದ್ ಆಗುವಂತೆ ಮಾಡಬಹುದು. ಗೋಡೆಯ 230 ವೋಲ್ಟನ್ನು ನೀರಿನ ಡಬ್ಬದಲ್ಲಿ ಮುಳುಗಿಸಿಡುವ ಭಯವೂ ತಪ್ಪುತ್ತೆ.

— ಆ ಪಂಪನ್ನು ಡಬ್ಬಕ್ಕಿಂತ ಕೆಳಗೆ ಕೂರಿಸು. ನೀರು ತಾನಾಗಿ ಇಳಿದು ಪಂಪಿನ ಬಾಯಿ ತುಂಬಿರಬೇಕು. ಗಾಳಿ ಹಿಡಿದ ಪಂಪು ಎಷ್ಟು ತಿರುಗಿದರೂ ನೀರು ಎತ್ತುವುದಿಲ್ಲ. ಹೊಳೆಗೆ ಹಾಕಿದ ಫುಟ್‌ವಾಲ್ವ್ ಸೋರಿದ ದಿನ ಬೆಳಿಗ್ಗೆಯೆಲ್ಲ ಕೊಡದಲ್ಲಿ ನೀರು ಹೊಯ್ದು ಪ್ರೈಮ್ ಮಾಡುವುದು ನಮಗೇ ಗೊತ್ತು.

— ತುಂಬಿಸುವಾಗ ಪೆಟ್ಟಿಗೆಯನ್ನು ಆ ಕಡೆ ಈ ಕಡೆ ಓರೆ ಮಾಡಿ ಗುಳ್ಳೆ ಹೊರಡಿಸಬೇಕು. ರೇಡಿಯೇಟರಿನ ಮೂಲೆಯಲ್ಲಿ ಗಾಳಿ ಕೂತರೆ ಅಷ್ಟು ಭಾಗ ಇದ್ದೂ ಇಲ್ಲದ ಹಾಗೆ.

— ನನಗೊಂದು ಬೇರೆ ಯೋಚನೆ. ಕೆಳಗೆ ಕಾವೇರಿ ಹರೀತಾ ಉಂಟು. ಅದನ್ನೇ ಒಂದು ಸಣ್ಣ ಪಂಪಿನಲ್ಲಿ ತಂದು ಹಾಯಿಸಿ ವಾಪಸ್ ಬಿಟ್ಟರೆ? ರೇಡಿಯೇಟರ್ ಯಾಕೆ, ಫ್ಯಾನ್ ಯಾಕೆ? ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಕದ್ರಾ ಜಲಾಶಯದ ನೀರು ಹಾಗೇ ಅಲ್ವಾ?

— ಅವರು ಮಾಡೋದು ಸಾವಿರಗಟ್ಟಲೆ ಮೆಗಾವಾಟ್ ಬಿಸಿ ಕಳೆಯಲು. ನಮ್ಮದು 350 ವಾಟ್. ಅದಕ್ಕೆ ಹೊಳೆಯಿಂದ ಇಷ್ಟು ಎತ್ತರಕ್ಕೆ ನೀರೆತ್ತುವ ಪಂಪು ಫ್ಯಾನಿಗಿಂತ ಎಷ್ಟೋ ಪಟ್ಟು ಕರೆಂಟ್ ತಿನ್ನುತ್ತೆ. ಜೂನಿನಲ್ಲಿ ಹೊಳೆ ಕೆಂಪಾದರೆ ಆ ಮಣ್ಣು ಈ ಕೂದಲೆಳೆ ಗೆರೆಯಲ್ಲಿ ಒಂದು ದಿನವೂ ದಾಟಲ್ಲ.

— ಅದು ಹೌದು. 2018, 2019ರಲ್ಲಿ ಹೊಳೆ ಏರಿ ಬಂದದ್ದು ನೋಡಿದರೆ ಪಂಪನ್ನೇ ಹುಡುಕಬೇಕಾಗ್ತಿತ್ತು. ಹಾಗಾದ್ರೆ ನೆಲದೊಳಗಿನ ಸಿಮೆಂಟ್ ಟ್ಯಾಂಕು? ಸಾವಿರ ಲೀಟರ್ ಸುಮ್ಮನೆ ನಿಂತಿರ್ತದೆ. ಒಂದು ತಾಮ್ರದ ಸುರುಳಿ ಅದರೊಳಗೆ ಇಳಿಬಿಟ್ಟು, ನಿನ್ನ ನೀರನ್ನು ಆ ಸುರುಳಿಯಲ್ಲಿ ಓಡಿಸು. ಎರಡು ನೀರೂ ಬೆರೆಯುವುದಿಲ್ಲ.

— ಇದು ಒಳ್ಳೇ ಯೋಚನೆ ಚಿಕ್ಕಪ್ಪ, ಲೆಕ್ಕ ಹಾಕೋಣ. 350 ವಾಟ್, ಎಂಟು ಗಂಟೆ ಕೆಲಸ. ಸಾವಿರ ಲೀಟರ್ ನೀರು ಎರಡೂವರೆ ಡಿಗ್ರಿ ಕೂಡ ಏರಲ್ಲ. ರಾತ್ರಿ ಇಲ್ಲಿಯ ತಂಪಿಗೆ ಅದೂ ಇಳಿದುಬಿಡುತ್ತೆ. ಏಪ್ರಿಲಿಗೆ ಇದಕ್ಕಿಂತ ಚೆಂದದ ವ್ಯವಸ್ಥೆ ಇಲ್ಲ. ತಕರಾರು ಇರೋದು ಜುಲೈ ತಿಂಗಳದ್ದು. ಆಗ ಇಲ್ಲಿಯ ಗಾಳಿಯಲ್ಲಿ ನೀರಿನಂಶ 95 ಪರ್ಸೆಂಟ್ ಮುಟ್ಟುತ್ತೆ. ಗಾಳಿಗಿಂತ ಒಂದೆರಡು ಡಿಗ್ರಿ ತಣ್ಣಗಿರುವ ಯಾವ ಲೋಹಕ್ಕಾದರೂ ಬೆವರು ಕೂರುತ್ತೆ. ಟ್ಯಾಂಕಿನ ನೀರು ಗಾಳಿಗಿಂತ ತಣ್ಣಗಿದ್ದರೆ ಬ್ಲಾಕಿನ ಹೊರಮೈಯಿಂದ ಮದರ್‌ಬೋರ್ಡಿಗೆ ತೊಟ್ಟಿಕ್ಕುತ್ತೆ. ಒಂದು ಪೈಪೂ ಸೋರಿರಲ್ಲ, ಆದರೂ ನೀರು.

— ರೇಡಿಯೇಟರಿನಲ್ಲಿ ಹಾಗೆ ಆಗುವುದಿಲ್ಲವಾ?

— ಆಗೋಕೆ ಸಾಧ್ಯವೇ ಇಲ್ಲ. ಒಣ ರೇಡಿಯೇಟರು ನೀರನ್ನು ಗಾಳಿಯಷ್ಟೇ ತಂಪು ಮಾಡಬಲ್ಲದು, ಅದಕ್ಕಿಂತ ಕೆಳಗೆ ಇಳಿಸಲಾರದು. ಗಾಳಿಗಿಂತ ಬೆಚ್ಚಗಿರುವ ಲೋಹಕ್ಕೆ ಬೆವರು ಬರಲ್ಲ. ಅದಕ್ಕೇ ದುಬಾರೆಯಲ್ಲಿ ನನಗೆ ತಣ್ಣನೆಯ ನೀರು ಬೇಡ, ಬೆಚ್ಚಗಿನ ನೀರೇ ಬೇಕು. ಗೋಣಿ ಒದ್ದೆ ಮಾಡಿ ಗಾಳಿ ಹಾಯಿಸುವ ಕೂಲರು ರಾಯಚೂರಿಗೆ ಸರಿ, ನಮ್ಮ ಮಳೆಗಾಲದಲ್ಲಿ ಆ ಗೋಣಿ ಆರೋದೇ ಇಲ್ಲ.

— ಬೆಚ್ಚಗಿನ ನೀರು ಸಾಕಾಗ್ತದಾ?

— ಚಿಪ್ಪಿಗೆ ಎಂಬತ್ತು ಡಿಗ್ರಿ ಅಂದರೆ ಸುಖ. ಅದಕ್ಕೆ ನಲವತ್ತರ ನೀರೂ ತಂಪೇ. 2010ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಐಬಿಎಂನವರು ಅಕ್ವಾಸಾರ್ ಅಂತ ಒಂದು ಸೂಪರ್‌ಕಂಪ್ಯೂಟರಿಗೆ 60 ಡಿಗ್ರಿಯ ನೀರನ್ನೇ ಹರಿಸಿದರು. ಹೊರಬಂದ ಬಿಸಿ ನೀರಿನಿಂದ ಕಟ್ಟಡ ಬೆಚ್ಚಗಿಡಲು ಅನುಕೂಲವಾಯ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ, 3.3 ಪೆಟಾಫ್ಲಾಪ್ಸ್ ಯಂತ್ರ, ಅದರ ಚಿಪ್ಪುಗಳ ಬಿಸಿಯನ್ನೂ ಹೊರೋದು ಪೈಪಿನ ದ್ರವವೇ.

— ಬಿಸಿ ವ್ಯರ್ಥ ಮಾಡದೆ ಕಟ್ಟಡ ಬೆಚ್ಚಗಿಟ್ಟರು ಅಂದ್ಯಲ್ಲ. ಮಳೆಗಾಲದಲ್ಲಿ ನಿನ್ನ ಅಜ್ಜನ ಪುಸ್ತಕದ ಕಪಾಟಿಗೆ ಬೂಷ್ಟು ಹಿಡೀತದೆ. ನಿನ್ನ ಕ್ಯಾಮೆರಾದ ಲೆನ್ಸಿಗೂ ಹಿಡೀತು ಅಂದಿದ್ದೆ. ಈ ಫ್ಯಾನಿನ ಬಿಸಿ ಗಾಳಿಯನ್ನು ಅದರೊಳಗೆ ಬಿಡಬಹುದಾ?

— ಚಿಕ್ಕಪ್ಪ! ಬಿಡಬಹುದು. ಹೊರಗಿನ ಗಾಳಿ 22 ಡಿಗ್ರಿ, ನೀರಿನಂಶ 95. ಅದೇ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರು ತೆಗೆಯದಿದ್ದರೂ, ನೀರಿನಂಶ ಸುಮಾರು 60ಕ್ಕೆ ಇಳಿಯುತ್ತೆ. ಬೂಷ್ಟಿಗೆ ಅದು ಸಾಲದು. ಎಂಟು ಡಿಗ್ರಿ ಏರಿಸಲು ನನ್ನ 350 ವಾಟ್ ಸಾಕೇ ಸಾಕು, ಸೆಕೆಂಡಿಗೆ ಮೂವತ್ತೈದು ಲೀಟರ್ ಗಾಳಿಗೆ ಆಗುತ್ತೆ. ಒಂದು ಒಳ್ಳೇ ಫ್ಯಾನು ಕೊಡುವಷ್ಟೇ ಗಾಳಿ ಅದು.

— ಕಪಾಟಿನ ಕೆಳಗಿನ ಹಲಗೆಯಲ್ಲಿ ಒಳಗೆ ಬರಲು ತೂತು, ಮೇಲೆ ಹಿಂಬದಿಯಲ್ಲಿ ಹೊರಗೆ ಹೋಗಲು ತೂತು. ಎರಡೂ ಒಂದೇ ಅಳತೆ. ಮೇಲಿನದ್ದು ಸಣ್ಣದಾದರೆ ಗಾಳಿ ಒಳಗೇ ಕಟ್ಟಿ ನಿನ್ನ ರೇಡಿಯೇಟರ್ ಪುನಃ ಬಿಸಿ.

— ಫ್ಯಾನಿಗಿಂತ ಸ್ವಲ್ಪ ದೊಡ್ಡದೇ ಇರಲಿ. ಹಾಕಿದ ಮೇಲೆ ನೀರು, ಗಾಳಿಯ ಅಂತರ ಮತ್ತೆ ಅಳೀತೀನಿ. ಹನ್ನೆರಡರಿಂದ ಹದಿನೈದಕ್ಕೆ ಏರಿದರೆ ಒಪ್ಪಿಕೊಳ್ಳಬಹುದು, ಮಳೆಗಾಲದಲ್ಲಿ ಗಾಳಿಯೇ ತಂಪಿರುತ್ತೆ. ಇಪ್ಪತ್ತು ದಾಟಿದರೆ ತೂತು ದೊಡ್ಡದು ಮಾಡಬೇಕು. ಬೇಸಿಗೆಯಲ್ಲಿ ಹಲಗೆ ತಿರುಗಿಸಿ ಗಾಳಿಯನ್ನು ಕಿಟಕಿಗೆ ಬಿಡೋದು.

— ಹಾಗಾದ್ರೆ ನಾಳೆ ಕುಶಾಲನಗರಕ್ಕೆ ಹೋದಾಗ ಎಂತೆಂತ ತರಬೇಕು?

— ಬ್ಯಾಟರಿ ನೀರು ಐದು ಲೀಟರ್. ಮೊದಲು ಮೂರು ಲೀಟರಿನಲ್ಲಿ ಎಲ್ಲ ತೊಳೆದು ಚೆಲ್ಲಬೇಕು. ಕಪ್ಪು ಪೈಪು ಎರಡು ಮೀಟರ್, ಅದಕ್ಕೆ ಬಿಗಿ ಮಾಡುವ ಕ್ಲಿಪ್ಪು. ಕೂಲೆಂಟ್ ಸಣ್ಣ ಡಬ್ಬ. ಚಿಪ್ಪಿಗೆ ಹಚ್ಚುವ ಪೇಸ್ಟು, 12 ವೋಲ್ಟಿನ ಪಂಪು ಬೆಂಗಳೂರಿಂದ ತರಿಸ್ತೀನಿ. ಅವು ಬರುವಷ್ಟರಲ್ಲಿ ನೀವು ಜೀಪಿನ ರೇಡಿಯೇಟರ್ ಹುಡುಕಿ.

— ಜೋಡಿಸಿದ ಕೂಡಲೇ ಕಂಪ್ಯೂಟರ್ ಹಾಕಬೇಡ. ಹೊಸ ಲೈನು ಎಳೆದ ದಿನ ನಾವು ನೀರು ಬಿಟ್ಟು ಒಂದು ರಾತ್ರಿ ಹಾಗೇ ಇಡ್ತೇವೆ.

— ಹಾಗೇ ಮಾಡ್ತೀನಿ. ಮದರ್‌ಬೋರ್ಡಿಗೆ ಕರೆಂಟ್ ಕೊಡದೆ ಪಂಪು ಮಾತ್ರ ಒಂದು ದಿನ ಪೂರ್ತಿ ಓಡಿಸಿ, ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಕಾಗದ ಇಟ್ಟು ನೋಡೋದು. ಒದ್ದೆಯಾದ ಕಾಗದ ಯಾವ ಕ್ಲಿಪ್ಪಿನದ್ದು ಅಂತ ಗೊತ್ತಾದರೆ ಅದನ್ನಷ್ಟೇ ಬಿಗಿ ಮಾಡಿದರಾಯ್ತು. ಆಮೇಲೆ ಮಧ್ಯಾಹ್ನದ ಬಿಸಿಲಲ್ಲೇ ಆ ಮನೆಯ ಚಿತ್ರ ರೆಂಡರ್‌ಗೆ ಹಾಕ್ತೀನಿ. ಮೂರೂ ಅಂಕಿಯನ್ನು ನೀವೇ ಬರ್ಕೊಳ್ಳಿ.